ಐವರ ಹಂಪಿ, ಒಬ್ಬನ ಜೇಬು

(ಮಾತಾಡುವವರು ಇಬ್ಬರು. ಒಬ್ಬ ಬೆಂಗಳೂರಿನ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕ. ಇನ್ನೊಬ್ಬರು ಗದಗ ಕಡೆಯಿಂದ ಬಂದು ಅದೇ ಕಾಲೇಜಿನ ಆಫೀಸಿನಲ್ಲಿ ಲೆಕ್ಕಪತ್ರ ನೋಡಿಕೊಳ್ಳುವವರು. ವಯಸ್ಸಿನಲ್ಲಿ ಹಿರಿಯರು, ಅವನ ಬಾಯಲ್ಲಿ ‘ಅಕ್ಕ’. ಬೆಂಗಳೂರಿಗೆ ಬಂದು ಎಷ್ಟು ವರ್ಷವಾದರೂ ಊರಿನ ಮಾತು ಬಿಟ್ಟಿಲ್ಲ. ಹೆಸರುಗಳ ಅಗತ್ಯ ಬೀಳಲಿಲ್ಲ.)

— ಅಕ್ಕ, ಹಂಪಿಗೆ ನಾನು ಬರಲ್ಲ ಅಂದುಬಿಡ್ಲಾ ಅಂತ ಯೋಚನೆ ಮಾಡ್ತಿದ್ದೀನಿ. ಜ್ವರ ಅಂತಲೋ, ಊರಲ್ಲಿ ಮದುವೆ ಅಂತಲೋ ಏನಾದ್ರೂ ಹೇಳಿ.

— ಯಾಕಪಾ? ಯಾರ ಜೋಡಿ ಹೊಂಟಿದ್ದಿ?

— ಡಿಗ್ರಿ ಫ್ರೆಂಡ್ಸು. ಹಂಪಿ ಮುಗಿಸಿ ಬದಾಮಿಗೂ ಹೋಗೋ ಪ್ಲಾನು. ಐದು ಜನ, ಮೂವರು ಹುಡುಗೀರು, ನಾವಿಬ್ಬರು ಹುಡುಗರು. ಅವರಲ್ಲಿ ಇಬ್ಬರು ಸಾಫ್ಟ್‌ವೇರು, ಒಬ್ಬಳು ಬ್ಯಾಂಕು, ಇನ್ನೊಬ್ಬಳು ಅಮೆರಿಕದಿಂದ ರಜೆಗೆ ಬರ್ತಿದ್ದಾಳೆ. ನನ್ನ ಕಥೆ ನಿಮಗೆ ಗೊತ್ತಲ್ಲ, ಸೆಮಿಸ್ಟರ್ ಮುಗಿದರೆ ಸಂಬಳವೂ ಮುಗೀತು. ಗ್ರೂಪಲ್ಲಿ ಒಬ್ಬ ರೆಸಾರ್ಟಿನ ಫೋಟೊ ಹಾಕಿದ. ಇನ್ನೊಬ್ಬಳು ಬೆಂಗಳೂರಿಂದಲೇ ದೊಡ್ಡ ಕಾರು ಮಾಡೋಣ ಅಂದಳು. ಉಳಿದವರು ಹೆಬ್ಬೆರಳು ಎತ್ತಿದ್ದಾರೆ. ನಾನು ಇನ್ನೂ ಏನೂ ಒತ್ತಿಲ್ಲ.

— ಹಂಗಾದ್ರ ಕೆಲಸ ಕೆಟ್ಟಿಲ್ಲ. ಸುಳ್ಳು ಜ್ವರ ಬ್ಯಾಡ. ನಿನ್ನ ಕೈಯಾಗ ಎಷ್ಟು ರೊಕ್ಕ ಐತಿ?

— ಹಿಂಡಿ ತೆಗೆದರೆ ನಾಲ್ಕು ಸಾವಿರ.

— ಅದನ್ನ ಹಂಗ ಬರಿ. ನನ್ನ ಕೈಲಿ ಒಟ್ಟು ನಾಲ್ಕು ಸಾವಿರ ಇದೆ, ಇದರೊಳಗೆ ಆಗೋದಾದ್ರೆ ನಾನಿದ್ದೀನಿ, ಅಂತ ಒಂದ ಸಾಲು. ಕಾರಣ ಬ್ಯಾಡ, ಕ್ಷಮಾಪಣಿ ಬ್ಯಾಡ, ಅಳು ಮುಖದ ಚಿತ್ರ ಅಂತೂ ಬ್ಯಾಡೇ ಬ್ಯಾಡ.

— ಜಿಪುಣ ಅಂತಾರೆ ಅಕ್ಕ. ಬಾಯಲ್ಲಿ ಅನ್ನದಿದ್ದರೂ ಮನಸ್ಸಲ್ಲಿ ಅಂದ್ಕೋತಾರೆ.

— ಜಿಪುಣಗ ಅಂಕಿ ಹೇಳಾಕ ಬರೂದಿಲ್ಲ, ಗೊತ್ತೈತೇನು? ಅಂವ ಎಲ್ಲಾದಕ್ಕೂ ಹೂಂ ಅಂತಾನ. ಹೋದ ಮ್ಯಾಲ ಶುರು ಆಗ್ತೈತಿ ಅವನ ಆಟ. ಮೆನು ಕಾರ್ಡು ಬಲಗಡಿಯಿಂದ ಓದ್ತಾನ. ಬಿಲ್ಲು ಬರೂ ಹೊತ್ತಿಗೆ ಕೈ ತೊಳಿಯಾಕ ಹೋಗ್ತಾನ. ಆಟೋದಂವಗ ಕೊಡೂ ಮುಂದ ಅವನ ಒಬ್ಬನ ಫೋನಿಗೆ ನೆಟ್‌ವರ್ಕ್ ಇರೂದಿಲ್ಲ. ಎಂಜಲ ಕೈಯಿಂದ ಕಾಗಿ ಓಡಿಸದಂವ ಅಂತ ಬೈತಾರ ನೋಡು, ಪಾಪ, ಅಂವ ತನ್ನ ಅಗಳು ಉಳಿಸ್ಕೋತಾನ, ಅಷ್ಟ. ಈ ಹೂಂ ಅನ್ನಾವ್ರು ಇನ್ನೊಬ್ಬರ ತಾಟಿನ್ಯಾಗಿನ ಅಗಳು ಎಣಸ್ತಾರ. ನೀ ನಡದು ಹೋಗಿ ಉಳಿಸಿದಿ ಅಂದ್ರ ಕಾಲು ನಿಂದು ನೋಯ್ತೈತಿ. ಡ್ರೈವರಗ ಬಾಟಾ ಕಡಿಮಿ ಕೊಟ್ಟು ಉಳಿಸಿದಿ ಅಂದ್ರ ಹೊಟ್ಟಿ ಅವಂದು ನೋಯ್ತೈತಿ. ಮಂದಿ ಕಣ್ಣಿಗೆ ಬೀಳೂದು ಇದು. ಎಷ್ಟು ಉಳಿಸಿದಿ ಅಂತ ಯಾರೂ ನೋಡೂದಿಲ್ಲ, ಯಾರ ಮ್ಯಾಲ ಉಳಿಸಿದಿ ಅಂತ ನೋಡ್ತಾರ.

— ಸರಿ, ಹಾಗಿದ್ರೆ ನಿಮ್ಮ ಮಾತನ್ನೇ ನಿಮ್ಮ ಮೇಲೆ ತಿರುಗಿಸ್ತೀನಿ. ನನ್ನ ನಾಲ್ಕು ಸಾವಿರದ ಗೆರೆಗೆ ಉಳಿದ ನಾಲ್ವರು ಯಾಕೆ ಬಗ್ಗಬೇಕು? ವರ್ಷವಿಡೀ ದುಡಿದು ಮೂರು ದಿನ ಮೆತ್ತನೆ ಹಾಸಿಗೆ ಬೇಕು ಅಂದ್ರೆ ಅದು ತಪ್ಪಾ? ನನ್ನ ಉಳಿತಾಯದ ಭಾರ ಅವರ ಬೆನ್ನಿನ ಮೇಲೆ ಬೀಳ್ತಲ್ಲ.

— ಚಲೋ ಕೇಳಿದಿ. ಗೆರಿ ನಿನ್ನ ಜೇಬಿಗೆ ಹಾಕ್ಕೊಂಡಿದ್ದು, ಅವರ ಹಾಸಿಗಿಗೆ ಅಲ್ಲ. ಪ್ರವಾಸದಾಗ ಕೂಡಿ ಮಾಡೂವು ಕೆಲವು ಅದಾವ: ನೋಡೂದು, ನಡಿಯೂದು, ಉಣ್ಣೂದು, ಹರಟಿ ಹೊಡಿಯೂದು. ಮಲಗೂದು ಕೂಡೇ ಆಗಬೇಕಂತ ಯಾರು ಹೇಳ್ಯಾರ? ಅವರು ಕಮಲಾಪುರದಾಗ ಮಯೂರ ಭುವನೇಶ್ವರಿಯೊಳಗ ಇರಲಿ, ಇಲ್ಲಾ ಅದಕ್ಕಿಂತ ದೊಡ್ಡದರಾಗ ಇರಲಿ. ನೀ ಹೊಸಪೇಟಿ ಬಸ್‌ಸ್ಟ್ಯಾಂಡ್ ಹತ್ರ ಒಂದು ಲಾಡ್ಜು ಹಿಡಿ. ಹಂಪಿಗೆ ಅಲ್ಲಿಂದ 13 ಕಿಲೋಮೀಟರು, ಬಸ್ಸು ಬೇಕಾದಷ್ಟು. ಬೆಳಿಗ್ಗೆ ವಿರೂಪಾಕ್ಷನ ಗೋಪುರದ ಕೆಳಗ ಎಲ್ಲಾರೂ ಸೇರ್‍ತೀರಿ.

— ರಾತ್ರಿ ಅವರೆಲ್ಲ ಒಂದು ಕಡೆ ಹರಟೆ ಹೊಡೀತಿರ್ತಾರೆ, ನಾನೊಬ್ಬ ಎದ್ದು ಬಸ್ಸಿಗೆ ಓಡಬೇಕು. ಅದು ಚುಚ್ಚತ್ತೆ.

— ಚುಚ್ಚತೈತಿ. ಇಲ್ಲ ಅನ್ನೂದಿಲ್ಲ. ಆದ್ರ ಒಂದು ಮಾತು ತಿಳ್ಕೋ: ಮೊದಲ ಹೇಳಿದಿ ಅಂದ್ರ ಐವರೊಳಗ ಇನ್ನೊಬ್ರು ಯಾರೋ ‘ನಂಗೂ ರೆಸಾರ್ಟ್ ಬೇಡ’ ಅಂತಾರ. ಬಾಯಿ ಬಿಡಾಕ ಅವರೂ ಕಾಯಾಕತ್ತಿರ್ತಾರ. ಸಾಫ್ಟ್‌ವೇರಿನವ್ರ ಸಂಬಳ ಕಾಣತೈತಿ, ಮನಿ ಕಂತು ಕಾಣೂದಿಲ್ಲ. ದಾಕ್ಷಿಣ್ಯಕ್ಕ ಬಸುರಾದ ಕಥಿ ನಿನಗೊಬ್ಬಗ ಅಲ್ಲ.

— ಕಾರಿನ ವಿಷಯ ಹೇಳಿ. ಐವರಿಗೆ ಹಂಚಿದರೆ ಅಗ್ಗ ಅಂತ ವಾದ ನಡೀತಿದೆ.

— ಹಂಚೂ ಮೊದಲ ಏನು ಹಂಚಾಕತ್ತೀರಿ ಅಂತ ನೋಡ್ರಲ್ಲ! ಬೆಂಗಳೂರಿನ ಬಾಡಿಗಿ ಕಾರು ಹೊರ ಊರಿಗೆ ಹೊಂಟ್ರ ದಿನಕ್ಕ ಕನಿಷ್ಠ ಇಷ್ಟು ಕಿಲೋಮೀಟರ್ ಅಂತ ಲೆಕ್ಕ ಹಿಡೀತಾರ, ಸಾಮಾನ್ಯ 250 ಇಲ್ಲಾ 300. ಓಡಲಿ, ನಿಂದ್ರಲಿ. ಅದರ ಮ್ಯಾಲ ಬಾಟಾ, ಟೋಲು, ಪಾರ್ಕಿಂಗು. ಹೋಗೂ ದಿನ, ಬರೂ ದಿನ ಅಷ್ಟು ಓಡತೈತಿ, ಖರೆ. ನಡುವಿನ ದಿನ? ಹಂಪಿಯೊಳಗ ಇಡೀ ದಿನ ತಿರುಗಿದ್ರೂ 30 ದಾಟೂದು ಕಷ್ಟ. ಬದಾಮಿಯಿಂದ ಪಟ್ಟದಕಲ್ಲು 22, ಅಲ್ಲಿಂದ ಐಹೊಳಿ ಸುಮಾರು 13. ಹೋಗಿ ಬಂದ್ರ 70 ಆಗಬಹುದು. ಉಳಿದದ್ದೆಲ್ಲ ಗಿಡದ ನೆರಳಿನ್ಯಾಗ ನಿಂತ ಕಾರಿಗೆ ಕೊಟ್ಟ ಬಾಡಿಗಿ. ಅಲ್ಲೇ ಬದಾಮಿಯೊಳಗ ಅರ್ಧ ದಿನಕ್ಕ ಒಂದು ಗಾಡಿ ಮಾಡ್ಕೊಂಡ್ರ ಊರಿನಂವಗ ಕೆಲಸ, ನಿಮಗ ಉಳಿತಾಯ.

— ಹಾಗಾದ್ರೆ ರೈಲು.

— ರೈಲ. ಹೋಗಾಕ ಹಂಪಿ ಎಕ್ಸ್‌ಪ್ರೆಸ್ಸು, ರಾತ್ರಿ ಹತ್ತಿದ್ರ ಬೆಳಿಗ್ಗೆ ಹೊಸಪೇಟಿ. ಬರಾಕ ಬದಾಮಿಯಿಂದ ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ಸು, ಅದೂ ರಾತ್ರಿಯ ಪ್ರಯಾಣ. ಎರಡು ರಾತ್ರಿ ಗಾಡಿಯೊಳಗ ನಿದ್ದಿ ಅಂದ್ರ ಎರಡು ರಾತ್ರಿ ಲಾಡ್ಜಿನ ರೊಕ್ಕ ಉಳೀತು. ಆದ್ರ ಸ್ಲೀಪರ್ ಬೇಕಂದ್ರ ಬುಕಿಂಗ್ ತೆರದ ದಿನ ಕುಂದ್ರಬೇಕು. ಮೊದಲ 120 ದಿನ ಮುಂಚೆ ತೆಗೀತಿದ್ರು, 2024ರ ನವೆಂಬರ್ 1ರಿಂದ 60 ದಿನ ಮಾಡ್ಯಾರ. ಬೆಳಿಗ್ಗೆ 8ಕ್ಕ. ಮೊದಲ ವಿಚಾರ ಮಾಡೂ ಗುಂಪಿಗೆ ಅಗ್ಗದ ಬರ್ತು, ತಡಾ ಮಾಡೂ ಗುಂಪಿಗೆ ತತ್ಕಾಲ್.

— ರೈಲು ಸಿಗಲಿಲ್ಲ ಅಂದ್ರೆ ಕೆಎಸ್‌ಆರ್‌ಟಿಸಿ ಇದೆ. ಒಂದೇ ಟಿಕೆಟ್‌ನಲ್ಲಿ ನಾಲ್ಕು ಸೀಟು ಅಥವಾ ಹೆಚ್ಚು ತಗೊಂಡ್ರೆ 5 ಪರ್ಸೆಂಟ್ ರಿಯಾಯಿತಿ ಅಂತ ಹಾಕಿರ್ತಾರೆ.

— ಹೋಗೂದು-ಬರೂದು ಕೂಡೇ ಬುಕ್ ಮಾಡಿದ್ರ ಬರೂ ಟಿಕೆಟ್ಟಿಗೆ 10. ಅಷ್ಟು ಗೊತ್ತಿದ್ದೂ ಐವರು ಐದು ಫೋನಿನ್ಯಾಗ ಬ್ಯಾರೆ ಬ್ಯಾರೆ ಟಿಕೆಟ್ ತೆಗೀತೀರಿ.

— ಬಸ್ಸು ಅಂದ ತಕ್ಷಣ ಇನ್ನೊಂದು ತೊಡಕು. ಹೊಸಪೇಟೆಯಿಂದ ಗದಗ, ಅಲ್ಲಿಂದ ಬದಾಮಿ ಅಂತ ಸಾಮಾನ್ಯ ಬಸ್ಸಲ್ಲಿ ಹೋದ್ರೆ ಹುಡುಗೀರಿಗೆ ಶಕ್ತಿ ಯೋಜನೆ, ಶೂನ್ಯ ಟಿಕೆಟ್ಟು. ನಮಗೆ ಪೂರ್ತಿ ದರ. ಆಗ ಹಂಚೋದು ಹೇಗೆ? ಹುಡುಗರ ಟಿಕೆಟ್ಟನ್ನ ಐವರೂ ಹಂಚ್ಕೋಬೇಕು ಅಂತ ಒಬ್ಬ, ಅದ್ಯಾಕೆ ಅಂತ ಇನ್ನೊಬ್ಬಳು. ನಮ್ಮ ಸ್ಟಾಫ್‌ರೂಮಲ್ಲಿ ಇದೇ ವಿಷಯಕ್ಕೆ ಒಂದು ಮಧ್ಯಾಹ್ನ ಹಾಳಾಯ್ತು.

— ಅದು 2023ರ ಜೂನ್ 11ರಂದು ಶುರುವಾತು. ಆವತ್ತಿನಿಂದ ಈ ಜಗಳ ಎಲ್ಲಾ ಗುಂಪಿನ್ಯಾಗೂ ಐತಿ, ಬಾಯಿ ಬಿಟ್ಟು ಆಡೂದಿಲ್ಲ ಅಷ್ಟ. ನನ್ನ ಲೆಕ್ಕ ಕೇಳು. ಸರಕಾರ ಕೊಟ್ಟಿದ್ದು ಆ ಹೆಣ್ಣುಮಗಳಿಗೆ, ನಿಮ್ಮ ಗುಂಪಿಗೆ ಅಲ್ಲ. ಆಕಿ ಟಿಕೆಟ್ಟು ಶೂನ್ಯ, ಆಕಿ ಪಾಲೂ ಶೂನ್ಯ. ನಿನ್ನ ಟಿಕೆಟ್ಟು ನಿಂದು.

— ಆದ್ರೆ ಬಸ್ಸು ಆರಿಸಿದ್ದೇ ಅವರಿಗೆ ಫ್ರೀ ಇದೆ ಅಂತ ಆಗಿದ್ರೆ? ಇಲ್ಲದಿದ್ರೆ ನಾವು ಐವರೂ ಒಂದು ಟ್ಯಾಕ್ಸಿಗೆ ಸಮ ಕೊಡ್ತಿದ್ವಿ.

— ಅದನ್ನ ತಿರುವಿ ಹಾಕು. ಗಂಡು ಹುಡುಗರ ಬೆನ್ನು ನೋಯ್ತೈತಿ ಅಂತ ಟ್ಯಾಕ್ಸಿ ಮಾಡಿದ್ರಿ. ಬಸ್ಸಿನ್ಯಾಗ ಒಂದು ರೂಪಾಯಿ ಇಲ್ಲದ ಬರಬಹುದಾಗಿದ್ದ ಹುಡುಗಿ ಕಡೆ ಐದರಾಗ ಒಂದು ಪಾಲು ವಸೂಲಿ ಮಾಡ್ತೀರಿ. ಆಕಿಗೆ ಯಾರು ಕೇಳಿದ್ರು? ಅದಕ್ಕ ಟ್ಯಾಕ್ಸಿ ಬೇಕೋ ಬ್ಯಾಡೋ ಅನ್ನೂ ಮಾತಿನ್ಯಾಗ ಮೊದಲನೇ ಓಟು ಅವರದು. ಒಪ್ಪಿ ಕುಂತ್ರ ಮುಗೀತು, ಎಲ್ಲಾರೂ ಸಮ. ಒಪ್ಪಲಿಲ್ಲ ಅಂದ್ರ ಬಸ್ಸು, ಅವರವರ ಟಿಕೆಟ್ಟು ಅವರವರಿಗೆ. ಇನ್ನೊಂದು, ರಾಜಹಂಸ, ಐರಾವತ, ಸ್ಲೀಪರ್ ಬಸ್ಸಿಗೆ ಶಕ್ತಿ ನಡಿಯೂದಿಲ್ಲ. ಕರ್ನಾಟಕದ ವಿಳಾಸ ಇರೂ ಗುರುತಿನ ಚೀಟಿಯೂ ಬೇಕು. ನಿನ್ನ ಅಮೆರಿಕದಾಕಿ?

— ಅವಳ ಪಾಸ್‌ಪೋರ್ಟೇ ಈಗ ಅಲ್ಲಿಯದು.

— ಹಂಗಾದ್ರ ಆಕಿ ನಿಮ್ಮ ಕಡೆ. ಟಿಕೆಟ್ ತಗೊಳ್ಳಾವ್ರು ಮೂವರಾದ್ರಿ.

(ಇಲ್ಲಿ ಬರೆಯುವವನ ಒಂದು ಮಾತು. ಅಕ್ಕನ ತೀರ್ಪು ನ್ಯಾಯವಾದದ್ದು, ಆದರೆ ಬಸ್ಸಿನೊಳಗೆ ನಡೆಯುವುದು ಇದಕ್ಕಿಂತ ಸರಳವಾಗಿರುತ್ತದೆ. ಶೂನ್ಯ ಟಿಕೆಟ್ಟಿನ ಹುಡುಗಿಯರು ಗದಗದಲ್ಲಿ ಇಳಿದು ಎಲ್ಲರಿಗೂ ಮಿರ್ಚಿ ಭಜಿ ಕೊಡಿಸುತ್ತಾರೆ, ಅದನ್ನು ಯಾರೂ ಬರೆದಿಟ್ಟುಕೊಳ್ಳುವುದಿಲ್ಲ, ವಿಷಯ ಅಲ್ಲಿಗೆ ತೀರುತ್ತದೆ. ಸ್ಟಾಫ್‌ರೂಮಿನಲ್ಲಿ ಮಧ್ಯಾಹ್ನ ಹಾಳುಮಾಡಿದವರು ಬಹುಶಃ ಭಜಿ ಸಿಗದ ಜಾಗದಲ್ಲಿ ವಾದಕ್ಕೆ ಕೂತಿದ್ದರು.)

— ಅವಳ ವಿಷಯ ಬಂತಲ್ಲ, ಹಂಪಿಯಲ್ಲಿ ಅವಳಿಗೆ 600 ರೂಪಾಯಿ ಟಿಕೆಟ್ಟಂತೆ. ನಮಗೆ 40. ಆ ವ್ಯತ್ಯಾಸವನ್ನ ನಾವೆಲ್ಲ ಹಂಚ್ಕೊಂಡ್ರೆ ಚೆಂದ ಅಂತ ಒಬ್ಬಳು ಅಂದಳು.

— ಚೆಂದ ಆಮ್ಯಾಲೆ. ಆಕಿ ಹತ್ರ ಓಸಿಐ ಕಾರ್ಡ್, ಅಂದ್ರ ಭಾರತ ಮೂಲದ ವಿದೇಶಿಗರಿಗೆ ಕೊಡೂ ಕಾರ್ಡು, ಐತೇನು ಕೇಳು. ಅದು ಇದ್ರ ಸ್ಮಾರಕ, ಮ್ಯೂಸಿಯಂ, ಅಭಯಾರಣ್ಯ ಎಲ್ಲಾಕ್ಕೂ ಭಾರತೀಯರ ದರಾನ, 2021ರ ಅಧಿಸೂಚನಿಯೊಳಗ ಹೇಳ್ಯಾರ. ಮನ್ಯಾಗ ಮರತು ಬಂದ್ರ ಮಾತ್ರ 560 ದಂಡ. ಆ 40ರ ಟಿಕೆಟ್ಟಿನ್ಯಾಗ ವಿಠ್ಠಲನ ಗುಡಿ, ಕಮಲ ಮಹಲಿನ ಆವರಣ, ಕಮಲಾಪುರದ ಮ್ಯೂಸಿಯಂ ಮೂರೂ ನೋಡಬಹುದು, ಆದ್ರ ಅದ ದಿನ. ಅರ್ಧ ಇವತ್ತು ಅರ್ಧ ನಾಳೆ ಅಂದ್ರಿ, ಮತ್ತ 40. ಶುಕ್ರವಾರ ಮ್ಯೂಸಿಯಂ ರಜಾ. ಇಂಥವನ್ನ ತಿಳ್ಕೊಂಡು ಹೋಗೂದಕ್ಕ ರೊಕ್ಕ ಬೇಕಾಗಿಲ್ಲ, ಹೊತ್ತು ಬೇಕು, ನಿನ್ನ ಹತ್ರ ಇರೂದು ಅದ ಅಲಾ? ನೀ ಗುಂಪಿಗೆ ಕೊಡೂದು ಇದನ್ನ. ಎಲ್ಲಿಂದ ಎಲ್ಲಿಗೆ ಯಾವ ಬಸ್ಸು, ಯಾವ ಹೊತ್ತಿನ್ಯಾಗ ಬಿಸಲು ಕಡಿಮಿ, ವಿಠ್ಠಲನ ಗುಡಿಗೆ ಬಜಾರದಿಂದ ಹೊಳಿ ದಂಡಿ ಹಿಡದು ಸುಮಾರು 2 ಕಿಲೋಮೀಟರ್ ನಡದು ಹೋದ್ರ ಅಚ್ಯುತರಾಯನ ಗುಡಿ, ಪುರಂದರ ಮಂಟಪ ಎಲ್ಲಾ ದಾರಿಯಾಗ ಸಿಗ್ತಾವ ಅಂತ. ಕಾರಿನ್ಯಾಗ ಹೋದವ್ರು ಊರು ಸುತ್ತಿ ಬಂದು, ಗಾಡಿ ನಿಲ್ಲಿಸಿ, ಬ್ಯಾಟರಿ ಗಾಡಿಗೆ ಪಾಳಿ ಹಚ್ತಾರ. ಅವ್ರಿಗೆ ಅಚ್ಯುತರಾಯ ಸಿಗೂದಿಲ್ಲ.

— ಗೈಡು? ಒಬ್ಬರು ಹತ್ತಿರ ಬಂದ್ರೆ ನಮ್ಮವರು ‘ಬೇಡ, ಯೂಟ್ಯೂಬ್ ಇದೆ’ ಅಂತಾರೆ.

— ಬ್ಯಾಡ ಅಂದ್ರ ಬ್ಯಾಡ, ಅದು ತಪ್ಪಲ್ಲ. ಆದ್ರ ಬ್ಯಾಡ ಅಂದು, ಬ್ಯಾರೆ ಗುಂಪಿನ ಗೈಡ್ ಹಿಂದ ಕಿವಿ ಅರಳಿಸ್ಕೊಂಡು ನಿಲ್ತಾರ ನೋಡು, ಅದನ್ನ ಕಂಡ್ರ ನನಗ ಮೈ ಉರೀತೈತಿ. ಲೈಸೆನ್ಸ್ ಇರೂ ಗೈಡನ್ನ ಹಿಡೀರಿ, ಐವರಿಗೆ ಹಂಚಿದ್ರ ಒಬ್ಬೊಬ್ರಿಗೆ ಎಷ್ಟಾದೀತು? ಹರಿಗೋಲಿನಂವ, ಎಳನೀರಿನಂವ, ಸೈಕಲ್ ಬಾಡಿಗಿ ಕೊಡಾವ, ಇವರ ಮುಂದ ಹತ್ತು ರೂಪಾಯಿಗೆ ಚೌಕಾಸಿ ಮಾಡಿ ಗೆದ್ದೆ ಅಂತ ಬೀಗೂದು ಬ್ಯಾಡ. ಹರಿಗೋಲು ಹತ್ತೂ ಮೊದಲ ದರ ಕೇಳು. ಹೆಚ್ಚು ಅನಿಸಿದ್ರ ಹತ್ತಬ್ಯಾಡ. ಹತ್ತಿ, ನಡು ಹೊಳಿಯೊಳಗ, ಇಳದ ಮ್ಯಾಲ, ಯಾವಾಗೂ ವಾದ ಬ್ಯಾಡ.

— ಊಟದಲ್ಲಿ ಏನು ಮಾಡೋದು? ಅಲ್ಲಿ ಎಲ್ಲರೂ ಅವರವರ ರುಚಿಗೆ ಆರ್ಡರ್ ಮಾಡ್ತಾರೆ.

— ಮೊದಲ ರಾತ್ರಿ ರೈಲಿನ ಊಟ ನಿನ್ನ ಮನೀದು. ಬುತ್ತಿ ಕಟ್ಟು. ನನ್ನ ಕಡೆಯಿಂದ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಕೊಡ್ತೀನಿ, ಎರಡು ವಾರ ಇಟ್ರೂ ಏನೂ ಆಗೂದಿಲ್ಲ. ನಿಮ್ಮ ಅವ್ವಗ ಹೇಳಿ ಪುಳಿಯೋಗರಿ, ಮೊಸರನ್ನ ಮಾಡಿಸು. ಆದ್ರ ಐವರಿಗೆ ಆಗುವಷ್ಟು. ಬುತ್ತಿ ತನಗೊಬ್ಬಗ ಕಟ್ಕೊಂಡು ಬಂದಂವ ರೈಲಿನ್ಯಾಗ ಮೂಲ್ಯಾಗ ಕುಂತು ತಿಂದ್ರ ಅಂವ ಜಿಪುಣನ, ಎಷ್ಟ ಬಡವ ಇದ್ರೂ. ಐವರಿಗೆ ಬಿಚ್ಚಿ ಇಟ್ರ ಮುಂದಿನ ಮೂರು ದಿನ ನಿನ್ನ ಪಾಲಿನ ಲೆಕ್ಕ ಯಾರೂ ಕೇಳೂದಿಲ್ಲ.

— ಬದಾಮಿಯಲ್ಲಿ?

— ಬದಾಮಿಯಿಂದ ಐದು ಕಿಲೋಮೀಟರಿಗೆ ಬನಶಂಕರಿ. ಗುಡಿ ಮುಂದ, ಹೊಂಡದ ದಂಡಿಗೆ ಹೆಣ್ಣುಮಕ್ಕಳು ಬುಟ್ಟಿ ಹೊತ್ಕೊಂಡು ಬರ್ತಾರ. ಜ್ವಾಳದ ರೊಟ್ಟಿ, ಎಣಗಾಯಿ, ಕೆಂಪು ಚಟ್ನಿ, ಸಣ್ಣ ಗಡಿಗಿಯೊಳಗ ಗಟ್ಟಿ ಮೊಸರು. ನೆಲದ ಮ್ಯಾಲ ಕುಂತು ಉಣ್ಣೂದು. ದೊಡ್ಡ ಹೋಟೆಲ್ಲಿನ್ಯಾಗ ‘ಉತ್ತರ ಕರ್ನಾಟಕ ಥಾಲಿ’ ಅಂತ ಹೆಸರಿಟ್ಟು ಏನು ಕೊಡ್ತಾರೋ ಅದರ ಮೂಲ ಇಲ್ಲೈತಿ, ಬೆಲಿ ಎಷ್ಟೋ ಪಾಲು ಕಡಿಮಿ. ನಿನ್ನ ಅಮೆರಿಕದಾಕಿ ಫೋಟೊ ತೆಗಿಯೂದು ರೆಸಾರ್ಟಿನ ಬಫೆದಲ್ಲ, ಇದರದು. ಅಲ್ಲೂ ಆ ಮುದುಕಿ ಜೋಡಿ ರೊಟ್ಟಿಗೆ ಚೌಕಾಸಿ ಬ್ಯಾಡ, ಹೇಳಿದ್ದೀನಿ. ಬನದ ಹುಣ್ಣಿವಿ ಜಾತ್ರಿ ಟೈಮಿನ್ಯಾಗ ಮಾತ್ರ ಹೋಗಬ್ಯಾಡ್ರಿ, ರೂಮು ಸಿಗೂದಿಲ್ಲ. ನಾಟಕ ನೋಡೂ ಹುಚ್ಚು ಇದ್ರ ಹೋಗ್ರಿ, ರಾತ್ರಿಯೆಲ್ಲಾ ಕಂಪನಿ ನಾಟಕ. ಆಗ ರೂಮು ಬೇಕಾಗೂದಿಲ್ಲ!

— ನನಗೆ ಒಂದು ವಿಚಿತ್ರ ಅನ್ನಿಸೋದು ಏನು ಗೊತ್ತಾ? ಬೆಂಗಳೂರಲ್ಲಿ ಬೈಟು ಕಾಫಿ ಹೇಳೋಕೆ ಯಾರಿಗೂ ನಾಚಿಕೆ ಇಲ್ಲ. ನಾಲ್ಕು ಸೈಟಿನ ಯಜಮಾನನೂ ದರ್ಶಿನಿಯಲ್ಲಿ ನಿಂತು ಬೈಟು ಅಂತಾನೆ. ಅದೇ ಮನುಷ್ಯ ಟೂರಿಗೆ ಹೋದ್ರೆ ಒಂದು ಬಿರಿಯಾನಿ ಇಬ್ಬರಿಗೆ ಅನ್ನೋಕೆ ಸಂಕೋಚ ಪಡ್ತಾನೆ.

— ದರ್ಶಿನಿಯೊಳಗ ಬೆಲಿ ಗ್ವಾಡಿ ಮ್ಯಾಲ ಬರದಿರ್ತೈತಿ. ಮೊದಲ ರೊಕ್ಕ ಕೊಟ್ಟು ಟೋಕನ್ ತಗೊಂಡು ಆಮ್ಯಾಲೆ ಕುಡೀತೀರಿ. ಅಲ್ಲೆ ಯಾರಿಗೂ ಮುಚ್ಚು ಮರಿ ಇಲ್ಲ, ಅದಕ್ಕ ನಾಚಿಕಿ ಇಲ್ಲ. ಟೂರಿನ್ಯಾಗ ಅಂಕಿ ಮುಚ್ಚಿಟ್ಟು ಆಡ್ತೀರಿ. ಹೊಟ್ಟಿಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗಿ.

— ಇನ್ನೊಂದು ನಾಜೂಕಿನ ಪ್ರಶ್ನೆ. ನಮ್ಮ ಗುಂಪಲ್ಲಿ ಇಬ್ಬರು ಬಿಯರ್ ಕುಡೀತಾರೆ. ನಾನು ಕುಡಿಯಲ್ಲ. ಬಿಲ್ಲು ಐದು ಭಾಗ ಆಗತ್ತೆ.

— ಹಂಪಿ ಊರೊಳಗ ಅದು ಸಿಗೂದಿಲ್ಲ, ಗುಡಿ ಊರು. ಹೊಸಪೇಟಿಯೊಳಗ ಕುಡೀತಾರ ಅನ್ನು. ಆರ್ಡರ್ ಕೊಡೂ ಮುಂದ, ಇನ್ನೂ ನೀರು ಸುದ್ದಾ ಬಂದಿರೂದಿಲ್ಲ ನೋಡು, ಆವಾಗ ವೇಟರ್‌ಗ ‘ಊಟಕ್ಕ ಒಂದು ಬಿಲ್ಲು, ಡ್ರಿಂಕ್ಸಿಗೆ ಒಂದು’ ಅಂತ ಹೇಳು. ನಕ್ಕೋತ ಹೇಳು. ಕುಡಿಯಾವ್ರಿಗೂ ಅದು ಅನುಕೂಲ, ಇನ್ನೊಂದು ಬಾಟಲ್ ಹೇಳಾಕ ಸಂಕೋಚ ಇರೂದಿಲ್ಲ.

— ಮತ್ತೆ ಕೋಳಿ ತಿನ್ನೋರು, ಪನೀರ್ ತಿನ್ನೋರು?

— ಅಲ್ಲಿಗೆ ಹೋಗಬ್ಯಾಡ ತಮ್ಮಾ. ಕೋಳಿಗೆ ಬ್ಯಾರೆ, ಪನೀರಿಗೆ ಬ್ಯಾರೆ ಅಂತ ಶುರು ಮಾಡಿದ್ರ ಸಂಜಿಕ್ಕ ಎಕ್‌ಸ್ಟ್ರಾ ಮೊಸರಿಗೂ ಬರ್ತೈತಿ. ಕುಡಿಯೂದೊಂದು ಬಿಟ್ಟು ಉಳಿದ ತಾಟಿನ ಮ್ಯಾಲಿನದೆಲ್ಲಾ ಸಮಪಾಲು. ಹತ್ತಿಪ್ಪತ್ತು ನಿನಗ ಲುಕ್ಸಾನ ಆದೀತು, ಆಗಲಿ.

— ಲೆಕ್ಕ ಇಡೋಕೆ ಸ್ಪ್ಲಿಟ್‌ವೈಸ್ ಆ್ಯಪ್ ಇದೆ. ಯಾರು ಯಾರಿಗೆ ಎಷ್ಟು ಅಂತ ಅದೇ ಹೇಳತ್ತೆ.

— ನಾ ದಿನಾ ಲೆಕ್ಕ ಬರಿಯಾಕಿ, ಆದ್ರೂ ಹೇಳ್ತೀನಿ, ಅದು ದೂರದ ಊರಿನ ರೂಮ್‌ಮೇಟುಗಳ ಬಾಡಿಗಿಗೆ ಚಲೋ. ಗೆಳೆಯಾರ ಟೂರಿಗೆ ಅಲ್ಲ. ಚಹಾದ್ದು ಹಾಕಿದ ಕೂಡ್ಲೇ ಐವರ ಫೋನು ಟಿಂಗ್ ಅಂತಾವ. ಸೂರ್ಯ ಮುಳಗೂದು ನೋಡಾಕ ಹೇಮಕೂಟದ ಮ್ಯಾಲ ಕುಂತಾರ, ಒಬ್ಬಾಕಿ ‘ನಿನ್ನೆ ನಿಂಬು ಸೋಡಾ ಯಾರದ್ದು’ ಅಂತ ಕೇಳ್ತಾಳ. ಆ್ಯಪಿಗೆ ಮರವು ಇಲ್ಲ, ಅದರ ದೋಷ ಅದ.

— ಮತ್ತೆ?

— ಗಂಟು. ರೈಲು ಹತ್ತೂ ಮೊದಲ ಐವರೂ ಒಂದೊಂದು ಸಾವಿರ ಒಬ್ರ ಕೈಯಾಗ ಕೊಡ್ರಿ. ಅರ್ಧ ಯುಪಿಐ ಒಳಗ, ಅರ್ಧ ನಗದು. ಚಿಲ್ಲರಿ ಇರಲಿ, ಫೋನು ಬಿಸಲಿಗೆ ಸಾಯ್ತಾವ. ಚಹಾ, ಊಟ, ಸ್ಮಾರಕದ ಟಿಕೆಟ್ಟು, ಗೈಡು, ಎಲ್ಲಾ ಅದರಾಗಿಂದ. ಇದರ ಮಜಾ ಏನಂದ್ರ, ಕೊಡಾಂವ ಯಾರೂ ಇರೂದಿಲ್ಲ. ಗಂಟು ಕೊಡತೈತಿ. ಅದಕ್ಕ ದಾನಶೂರ ಕರ್ಣ ಯಾರೂ ಆಗೂದಿಲ್ಲ, ಜುಗ್ಗನೂ ಯಾರೂ ಆಗೂದಿಲ್ಲ. ಎರಡನೇ ದಿನ ಮಧ್ಯಾಹ್ನ ‘ಗಂಟಿನ್ಯಾಗ ಇಷ್ಟ ಉಳದೈತಿ’ ಅಂತ ಹೇಳಿದ್ರ ಐವರಿಗೂ ಒಮ್ಮೆ ಬುದ್ಧಿ ಬರ್ತೈತಿ. ರೆಸಾರ್ಟ್ ಅಂದಂವನ ‘ನಡೀರಿ ಬಸ್ಸಿಗೆ ಹೋಗೂಣು’ ಅಂತಾನ.

— ಗಂಟು ಯಾರ ಹತ್ರ ಇರಬೇಕು? ನಾನೇ ಇಟ್ಕೊಳ್ಳಲಾ?

— ನೀ ಬ್ಯಾಡ. ರೊಕ್ಕ ಕಡಿಮಿ ಇದ್ದಂವ ಗಂಟು ಹಿಡದ್ರ ಪ್ರತಿ ಸಲ ಕೊಡೂ ಮುಂದ ಅವನ ಮುಖ ಸಣ್ಣದಾಗ್ತೈತಿ, ಎಲ್ಲಾರಿಗೂ ಕಾಣತೈತಿ. ಭಾಳ ಶ್ರೀಮಂತನೂ ಬ್ಯಾಡ. ಗಂಟು ಖಾಲಿಯಾದ್ರ ಅಂವ ಹೇಳೂದಿಲ್ಲ, ತನ್ನ ಕೈಯಿಂದ ಹಾಕ್ತಾನ, ಊರಿಗೆ ಬಂದ ಮ್ಯಾಲ ನೀವೆಲ್ಲ ಅವನ ಋಣದಾಗ. ಆ ಬ್ಯಾಂಕಿನಾಕಿ ಹತ್ರ ಕೊಡ್ರಿ. ಆಕಿಗೆ ಎಣಿಸೂದು ರೂಢಿ. ವಾಪಸ್ ಬರೂ ರೈಲಿನ್ಯಾಗ, ಬೆಂಗಳೂರು ಬರೂ ಮೊದಲ, ಉಳಿದದ್ದು ಹಂಚಿಬಿಡಬೇಕು. ‘ಮುಂದಿನ ಟ್ರಿಪ್ಪಿಗೆ ಇರಲಿ’ ಅನ್ನಬ್ಯಾಡ್ರಿ. ಮುಂದಿನ ಟ್ರಿಪ್ಪು ಆಗೂದಿಲ್ಲ.

— ಆ ಸಾಫ್ಟ್‌ವೇರಿನವನು ಒಳ್ಳೆಯವನು ಅಕ್ಕ. ‘ನಿಂದು ನಾನು ಕೊಡ್ತೀನಿ ಬಾರೋ’ ಅಂತಾನೆ. ನಿಜವಾಗಿಯೂ ಪ್ರೀತಿಯಿಂದ.

— ಒಂದು ಊಟ ಕೊಡಿಸಲಿ. ಸಂತೋಷದಿಂದ ಉಣ್ಣು, ಕೌಂಟರಿನ್ಯಾಗ ಕೈ ಕೈ ಹಿಡಕೊಂಡು ಗುದ್ದಾಡಬ್ಯಾಡ. ಇಡೀ ಟೂರು ಕೊಡಿಸ್ತೀನಿ ಅಂದ್ರ ಬ್ಯಾಡ ಅನ್ನು. ಯಾಕಂದ್ರ ಆಮ್ಯಾಲೆ ಅಂವ ಬೆಳಿಗ್ಗೆ ಹತ್ತಕ್ಕ ಏಳೂಣು ಅಂದ್ರ ನೀ ಹೂಂ ಅನ್ನಬೇಕಾಗ್ತೈತಿ. ಅಂವ ಬಾಯಿ ಬಿಟ್ಟು ಕೇಳೂದಿಲ್ಲ, ನೀನ ಬಗ್ತಿ.

— ಮಠ, ದೇವಸ್ಥಾನದ ಊಟ ಲೆಕ್ಕಕ್ಕೆ ಹಿಡಿಯಬಹುದಾ? ಧರ್ಮಸ್ಥಳ, ಹೊರನಾಡು, ಸಿದ್ಧಗಂಗೆ ಕಡೆ ಹೋದಾಗ ನಮ್ಮವರು ಮೊದಲೇ ‘ಮಧ್ಯಾಹ್ನ ಖರ್ಚಿಲ್ಲ’ ಅಂತ ಬರೆದಿಟ್ಕೋತಾರೆ.

— ಪಂಕ್ತಿಯಾಗ ಕುಂತು ಉಂಡ್ರ ಯಾರೂ ಬ್ಯಾಡ ಅನ್ನೂದಿಲ್ಲ. ಬಜೆಟ್ಟಿನ್ಯಾಗ ಬರದಿಟ್ಕೊಂಡು ಹೋಗೂದು ನನಗ ಸರಿ ಕಾಣೂದಿಲ್ಲ. ಉಂಡ್ರ ಹುಂಡಿಗೆ ಹಾಕು, ಗಂಟಿನ್ಯಾಗಿಂದ ಹಾಕ್ರಿ. ಮುಂದಿನ ಮಾತು ಕೇಳು.

— ಕೊನೇದು. ನಾನು ಆ ಸಾಲು ಬರೆದೆ ಅಂತಿಟ್ಕೊಳ್ಳಿ. ಅವರು ‘ನಾಲ್ಕು ಸಾವಿರಕ್ಕೆ ಏನೋ ಬರತ್ತೆ’ ಅಂತ ನಕ್ಕುಬಿಟ್ರೆ?

— ನಕ್ಕು, ಆಮ್ಯಾಲೆ ಲೆಕ್ಕಕ್ಕ ಕುಂತ್ರ ಅವ್ರು ಗೆಳೆಯಾರು. ನಕ್ಕು ರೆಸಾರ್ಟ್ ಬುಕ್ ಮಾಡಿದ್ರ ಮಾಡಲಿ, ಅವರ ಟೂರು ಅವರಿಗೆ ಚಲೋ ಆಗಲಿ, ಸಿಟ್ಟು ಬ್ಯಾಡ. ನೀ ಒಬ್ಬನ ಹೋಗು. ಒಂದು ಸ್ಲೀಪರ್ ಬರ್ತು, ಹೊಸಪೇಟಿಯಿಂದ ಊರ ಬಸ್ಸು, 40 ರೂಪಾಯಿ ಟಿಕೆಟ್ಟು. ಮಾತಂಗ ಗುಡ್ಡಕ್ಕ, ಹೇಮಕೂಟಕ್ಕ, ಹೊಳಿ ದಂಡಿಗೆ ಟಿಕೆಟ್ಟ ಇಲ್ಲ.